ಮಂತ್ರಿಸಿದ ನೀರು

ಕೊಳ್ಳೇಗಾಲದ ಸೀಮೆಯವರು ಎಂದರೆ ಸಾಕು, ಮೈಸೂರಿನ ಬಸ್ಸಿನಲ್ಲಿ ಪಕ್ಕ ಕೂತವರು ಕೊಂಚ ಸರಿದು ಕೂರುತ್ತಿದ್ದ ಕಾಲವೊಂದಿತ್ತು. ಮಾಟದ ಊರಿನವರು, ಎಲ್ಲಿ ಜೇಬಿನಿಂದ ನಿಂಬೆಹಣ್ಣು ತೆಗೆದುಬಿಡುತ್ತಾರೋ ಎಂಬ ಭಯ ಅವರಿಗೆ. ಈ ಕಡೆಯವರು ಅದನ್ನೇ ಹೇಳಿಕೊಂಡು ನಗುತ್ತಿದ್ದರು, ಸದ್ಯ ಸೀಟಾದರೂ ಸಿಕ್ಕಿತಲ್ಲ ಎಂದು. ನಗುವುದು ಸುಲಭ. ಆ ಹೆಸರು ಒಬ್ಬಳ ತಲೆಯ ಮೇಲೆ ಬಂದು ಕೂತಾಗ ಏನಾಗುತ್ತದೆ ಎಂಬುದನ್ನು ಅರಿಯಬೇಕಾದರೆ ಸವರಿಯಮ್ಮನ ಬದುಕನ್ನು ನೋಡಬೇಕು.

ಸವರಿಯಮ್ಮ ಹನೂರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಬೇಲದದೊಡ್ಡಿಯವಳು. ಅವಳ ತಾತನ ಕಾಲದಲ್ಲಿ ಕಾವೇರಿಯ ಆಚೆಯಿಂದ ಕಲ್ಲು ಕೆಲಸಕ್ಕೆ ಬಂದ ಕೆಲವು ಮನೆಗಳು ಅಲ್ಲೇ ಬೀಡುಬಿಟ್ಟವು. ಮನೆಯೊಳಗೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಅವರ ಬೀದಿಯ ಕೊನೆಯಲ್ಲಿ ಹೆಂಚು ಹೊದಿಸಿದ ಒಂದು ಚಿಕ್ಕ ಇಗರ್ಜಿ ಇತ್ತು. ಅದಕ್ಕೆ ಅವರು ಕೋಯಿಲು ಎನ್ನುತ್ತಿದ್ದರು, ಹಾಗಾಗಿ ಊರಿಗೆಲ್ಲ ಅದು ಕೋಯಿಲು ಬೀದಿ. ತಿಂಗಳಿಗೊಮ್ಮೆ ಪಟ್ಟಣದಿಂದ ಫಾದರ್ ಮೋಟರ್ ಸೈಕಲ್ಲಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಮೇಲಿನ ಬೀದಿಯಲ್ಲಿ ರಾಗಿ ಬೆಳೆಯುವ, ದನ ಸಾಕುವ ಒಕ್ಕಲುಗಳು, ಮಾದಪ್ಪನ ಭಕ್ತರು. ಎರಡೂ ಬೀದಿಗಳಿಗೆ ನಡುವೆ ಒಂದೇ ಬಾವಿ.

ಒಂದೇ ಬಾವಿ ಎಂದಮೇಲೆ ಜಗಳವನ್ನು ಬೇರೆ ಹೇಳಬೇಕೆ? ಎತ್ತು ಏರಿಗೆ, ಕೋಣ ನೀರಿಗೆ. ಬೇಸಿಗೆಯಲ್ಲಿ ಹಗ್ಗ ಕಿತ್ತುಕೊಳ್ಳುವುದು, ಕೊಡ ಒಡೆಯುವುದು, ಜಾತಿ ಎತ್ತಿ ಆಡುವುದು ಎಲ್ಲ ನಡೆಯುತ್ತಿತ್ತು. ಮೊದಲ ಸರದಿ ಕಾಡಿನಿಂದ ಬಾಯಾರಿ ಬರುವ ದನಗಳಿಗೋ, ಮನುಷ್ಯರಿಗೋ ಎಂಬುದೇ ದೊಡ್ಡ ತಕರಾರು. ಇದನ್ನು ತೀರಿಸಿದವನು ಸವರಿಯಮ್ಮನ ಗಂಡ ಚಿನ್ನಪ್ಪ. ಅವನು ಕರಿಕಲ್ಲಿನ ಕ್ವಾರಿಯಲ್ಲಿ ಕೆಲಸಗಾರ. ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಬಿರುಕು ಬಿಟ್ಟಿತೆಂದು ಕ್ವಾರಿಯವರು ಬಿಸಾಕಿದ್ದ ಒಂದು ಕಲ್ಲನ್ನು ಗಾಡಿಯಲ್ಲಿ ಎಳೆಸಿ ತಂದ. ಭಾನುವಾರಗಳೆಲ್ಲ ಕೂತು ಕೊರೆದು, ಬಾವಿಯಿಂದ ಹತ್ತು ಮಾರು ದೂರದಲ್ಲಿ ದನಗಳಿಗೆಂದೇ ತೊಟ್ಟಿ ಮಾಡಿಟ್ಟ. ಮಗ್ಗುಲಿಗೆ ಒಂದು ಪುಟ್ಟ ಶಿಲುಬೆ ಕೆತ್ತಿದ. ಸೋಮವಾರ ಬಂತೆಂದರೆ ಮೇಲಿನ ಬೀದಿಯ ಹೆಂಗಸರು ಆ ಶಿಲುಬೆಗೇ ವಿಭೂತಿ ಬಳಿದು ಹೋಗುತ್ತಿದ್ದರು. ಕಲ್ಲು ಅಂದಮೇಲೆ ದೇವರೇ, ಯಾವ ದೇವರಾದರೇನು ಎಂಬುದು ಅವರ ಲೆಕ್ಕ.

ತೊಟ್ಟಿಯಾಯಿತು, ತುಂಬುವವರು ಯಾರು? ಸವರಿಯಮ್ಮನೇ ನಿಂತಳು. ಅವಳು ಅದನ್ನು ಪುಣ್ಯದ ಕೆಲಸ ಎಂದುಕೊಂಡಳು ಎನ್ನುವುದಕ್ಕಿಂತ ಜಪದ ಕೆಲಸ ಎಂದುಕೊಂಡಳು ಎನ್ನಬೇಕು. ಅವಳ ಜಪಮಾಲೆ ಎಂದೋ ಹರಿದು ಮಣಿಗಳು ಚೆಲ್ಲಿಹೋಗಿದ್ದವು. ಹೊಸದನ್ನು ಅವಳು ಕೊಳ್ಳಲಿಲ್ಲ. ಒಂದು ಬಿಂದಿಗೆ ಸೇದಿದರೆ ಒಂದು 'ಅರುಳ್ ನಿರೈಂದ ಮರಿಯೇ', ಮಾತೆ ಮರಿಯಮ್ಮನ ತಮಿಳು ಜಪ. ಹತ್ತು ಬಿಂದಿಗೆಗೆ ಒಂದು ಪರಲೋಕದ ಪ್ರಾರ್ಥನೆ. ಮಾಲೆ ಪೂರ್ತಿಯಾಗುವ ಹೊತ್ತಿಗೆ ತೊಟ್ಟಿ ತುಂಬುತ್ತಿತ್ತು. ಮೊದಲು ಕರುಗಳು, ಆಮೇಲೆ ದನ, ಅವು ಹೋದಮೇಲೆ ಮೇಕೆ, ಮಧ್ಯಾಹ್ನ ಗುಬ್ಬಿ, ಜೇನುನೊಣ. ನೊಣಗಳು ಮುಳುಗಬಾರದೆಂದು ನೀರಿನ ಮೇಲೆ ಒಂದೆರಡು ಮುತ್ತುಗದ ಎಲೆ ತೇಲಿಬಿಡುತ್ತಿದ್ದಳು. ದೇವರ ಮುಂದೆ ಮಂಡಿಯೂರಿ ಕಣ್ಣೀರು ಸುರಿಸುವ ಭಕ್ತಿ ಅವಳಲ್ಲಿ ಇರಲಿಲ್ಲ. ಇಗರ್ಜಿಯಲ್ಲಿ ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದಳು. ಬಾವಿಯ ಬಳಿ ಮಾತ್ರ ಒಂದು ದಿನವೂ ತೂಕಡಿಸಲಿಲ್ಲ.

ಅವಳಿಗೆ ಬೇಕಾಗಿದ್ದುದು ಒಂದೇ: ಎರಡು ಬೀದಿಗಳ ನೀರು ಎಂದೂ ಬೇರೆಯಾಗಬಾರದು. ಕ್ವಾರಿಯ ಧೂಳು ಎದೆ ಹೊಕ್ಕು ಚಿನ್ನಪ್ಪ ಸತ್ತಮೇಲಂತೂ ಅದೇ ಅವಳ ಬದುಕಾಯಿತು. ಒಬ್ಬಳೇ ಮಗಳು ಮಾರ್ಟಳ್ಳಿ ಕಡೆಗೆ ಮದುವೆಯಾಗಿ ಹೋಗಿದ್ದಳು. ಇಲ್ಲಿ ಉಳಿದ ನಂಟೆಂದರೆ ಮೇಲಿನ ಬೀದಿಯ ದೊಡ್ಡಬಸಮ್ಮ. ಇಬ್ಬರೂ ಒಟ್ಟಿಗೆ ಕಳೆ ಕೀಳಲು ಹೋಗುವವರು, ಒಂದೇ ಎಲೆಯಡಿಕೆ ಚೀಲದಲ್ಲಿ ಕೈ ಹಾಕುವವರು.

"ಅದೇನ್ ಗೊಣಗ್ತಿದ್ದೀಯೆ ಸವರಮ್ಮ, ನೀರ್‌ಗೆ ಬೈತಿದ್ದೀಯಾ?" ಎಂದು ದೊಡ್ಡಬಸಮ್ಮ ಬಾವಿ ಕಟ್ಟೆಯ ಮೇಲೆ ಕೂತು ರೇಗಿಸುತ್ತಿದ್ದಳು.

"ನಿನ್ಗೂ ಸೇರ್ಸೇ ಬೇಡ್ಕತಾ ಇವ್ನಿ ಕಣಕ್ಕ, ಸುಮ್ಕಿರು. ಲೆಕ್ಕ ತಪ್ತದೆ."

"ಅಂಗಾರೆ ನನ್ ಎಮ್ಮೆಗೂ ಒಂದ್ ಸೇರ್ಸು. ಆಲೇ ಕೊಡಾಕಿಲ್ಲ ಮುಂಡೇದು."

ಹುಡುಗರು ಅವಳ ತಮಿಳನ್ನು ಅಣಕಿಸಿಕೊಂಡು ಓಡುತ್ತಿದ್ದರು. ಹದಿನಾಲ್ಕು ವರ್ಷ ಇಡೀ ಊರು ಆ ಗೊಣಗಾಟ ಕೇಳಿತು. ಒಬ್ಬರಾದರೂ ಇದೇನು ಮಂತ್ರ ಎಂದು ಕೇಳಲಿಲ್ಲ.

ತೊಂಬತ್ತೆಂಟರ ಮಳೆಗಾಲದಲ್ಲಿ ದನಗಳಿಗೆ ಗಂಟಲುಬೇನೆ ಬಂತು. ಬೆಳಿಗ್ಗೆ ಮೇವು ತಿಂದ ಎತ್ತು ಸಂಜೆಗೆ ಗಂಟಲು ಊದಿಸಿಕೊಂಡು ಬೀಳುತ್ತಿತ್ತು. ಮೇಲಿನ ಬೀದಿಯಲ್ಲಿ ಮೊದಲು ಚಿಕ್ಕಮಾದಪ್ಪನ ಜೋಡಿ ಎತ್ತು ಹೋದವು, ಆಮೇಲೆ ಮನೆಮನೆಗೂ ತಗುಲಿತು. ಕೋಯಿಲು ಬೀದಿಯವರಲ್ಲಿ ದನ ಕಟ್ಟಿದ್ದವರೇ ಕಡಿಮೆ, ಇದ್ದ ಮೇಕೆಗಳಿಗೆ ಏನೂ ಆಗಲಿಲ್ಲ. ಇದನ್ನು ಊರು ಆಗಲೇ ಒಂದು ಕಣ್ಣಿನಲ್ಲಿ ನೋಡಿಟ್ಟುಕೊಂಡಿತು.

ಆ ಎತ್ತುಗಳು ಸವರಿಯಮ್ಮನ ಕೈನೀರು ಕುಡಿದು ಬೆಳೆದವು. ಇಗರ್ಜಿಯಿಂದ ತಂದು ಗೂಡಿನಲ್ಲಿಟ್ಟಿದ್ದ ಒಂದು ಬಾಟಲಿ ತೀರ್ಥವಿತ್ತು. ಅವರ ಬೀದಿಯಲ್ಲಿ ಅದಕ್ಕೆ 'ಮಂತ್ರಿಸಿದ ನೀರು' ಎಂಬುದೇ ಹೆಸರು. ಮಗುವಿಗೆ ಜ್ವರ ಬಂದರೆ, ಹೊಸ ಮನೆ ಹೊಕ್ಕರೆ, ಹೊಲಕ್ಕೆ ಬೀಜ ಬೀಳುವ ಮುನ್ನ ಅದನ್ನು ಚಿಮುಕಿಸುವುದು ವಾಡಿಕೆ. ಹಾಡಹಗಲಲ್ಲಿ, ನಾಲ್ಕು ಜನ ನೋಡುತ್ತಿರುವಾಗಲೇ, ಅವಳು ಆ ಬಾಟಲಿಯನ್ನು ತೊಟ್ಟಿಗೆ ಸುರಿದು ಶಿಲುಬೆಯ ಗುರುತು ಮಾಡಿ, ಕಾಪಾಡು ಎಂದು ಕೈ ಮುಗಿದು ಬಂದಳು. ಕದ್ದು ಮಾಡುವ ಕೆಲಸವೇ ಅದು? ಕದ್ದು ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಇಷ್ಟು ಕತೆಯೂ ಆಗುತ್ತಿರಲಿಲ್ಲ.

ಮರುದಿನ ದನದ ಡಾಕ್ಟರು ಬಂದರು. ಸೂಜಿ ಹಾಕಿದರು. "ಕಾಯಿಲೆ ದನ, ಒಳ್ಳೇ ದನ ಎಲ್ಲ ಒಂದೇ ತೊಟ್ಟೀಲಿ ನೀರು ಕುಡೀತಾವೆ. ಅದರಿಂದಲೇ ಹಬ್ಬುತ್ತೆ. ತೊಟ್ಟಿ ಖಾಲಿ ಮಾಡಿ, ಸುಣ್ಣ ಬಳೀರಿ" ಎಂದು ಹೇಳಿ ಹೋದರು. ಸರಿಯಾದ ಮಾತೇ. ಆದರೆ ಆ ಮಾತು ಮೇಲಿನ ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ, "ಎಲ್ಲಾ ತೊಟ್ಟಿ ನೀರಲ್ಲೇ ಅದಂತೆ, ಡಾಕ್ಟ್ರೇ ಏಳುದ್ರು" ಎಂದಾಗಿತ್ತು. ಡಾಕ್ಟರ ಬಾಯಿಂದ ಬಂದಮೇಲೆ ಇನ್ನೇನು ಬೇಕು?

ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಯಜಮಾನ ಸದಾಶಿವಪ್ಪ ಕೆಟ್ಟವರಲ್ಲ. ನಿಧಾನದ ಮನುಷ್ಯ, ಮಾತಿನಲ್ಲೇ ಮುಗಿಸೋಣ ಎನ್ನುವವರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲವರು ಇಬ್ಬರಿದ್ದು, ಇಬ್ಬರ ಮಾತಿನ ಅರ್ಥವೂ ಬೇರೆಬೇರೆಯಾದರೆ ಏನು ಗತಿ ಎಂಬುದನ್ನು ಗಾದೆ ಕಟ್ಟಿದವನು ಹೇಳಿಲ್ಲ.

"ಎದರ್‌ಕಬ್ಯಾಡ ಕಣಮ್ಮ. ಇದ್ದದ್ದ ಇದ್ದಂಗೆ ಏಳು. ತೊಟ್ಟಿಗೆ ಏನಾಕ್ದೆ?" ಎಂದರು ಸದಾಶಿವಪ್ಪ.

"ಮಂತ್ರಿಸಿದ ನೀರು ಸಾ."

ಕಟ್ಟೆಯ ಸುತ್ತ ಗುಸುಗುಸು ಎದ್ದಿತು. ಸವರಿಯಮ್ಮನಿಗೆ ಯಾಕೆಂದು ತಿಳಿಯಲಿಲ್ಲ. ಅವಳ ಬೀದಿಯಲ್ಲಿ ಮಂತ್ರಿಸುವುದೆಂದರೆ ಆಶೀರ್ವದಿಸುವುದು, ಮೇಲಿನ ಬೀದಿಯಲ್ಲಿ ಮಂತ್ರಿಸುವುದೆಂದರೆ ಮಾಟ ಮಾಡುವುದು. ಮೂರು ತಲೆಮಾರು ಒಂದೇ ಬಾವಿಯ ನೀರು ಕುಡಿದವರು ಈ ಒಂದು ಮಾತನ್ನು ಎದುರುಬದುರು ಆಡಿಯೇ ಇರಲಿಲ್ಲ.

"ಯಾರು ಮಂತ್ರಿಸಿದ್ದು?"

"ಫಾದರು ಸಾ."

"ಯಾವಾಗ?"

"ಬಲಿಪೂಜೆಲಿ."

ಬಲಿಪೂಜೆ ಎಂದರೆ ಅವರ ಆರಾಧನೆಯ ಹೆಸರು. ಅಲ್ಲಿ ಕೋಳಿಯಿಲ್ಲ, ಕುರಿಯಿಲ್ಲ, ರೊಟ್ಟಿಯ ಚೂರು ಮತ್ತು ದ್ರಾಕ್ಷಿರಸ ಅಷ್ಟೆ. ಅದನ್ನು ಬಿಡಿಸಿ ಹೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ, ಹೇಳಬಹುದಾಗಿದ್ದ ಕೋಯಿಲು ಬೀದಿಯ ಗಂಡಸರು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. "ದಿನಾ ಗೊಣಗ್ತಿದ್ಲಲ್ಲ ಸಾ, ನಾವೇ ಕಿವ್ಯಾರ ಕೇಳಿದ್ದೀವಿ!" ಎಂದು ಚಿಕ್ಕಮಾದಪ್ಪ ಎದ್ದು ನಿಂತ. ಜೋಡಿ ಎತ್ತು ಕಳೆದುಕೊಂಡವನು, ಅವನ ಹೊಟ್ಟೆಯಲ್ಲಿ ಬೆಂಕಿಯಿತ್ತು. ಅವನನ್ನು ಬೈಯಲೂ ಮನಸ್ಸು ಬರುವುದಿಲ್ಲ.

ಆದರೂ ಸದಾಶಿವಪ್ಪ ಮಾತು ಕೈಮೀರಲು ಬಿಡಲಿಲ್ಲ. ರೋಗ ತಗ್ಗುವವರೆಗೆ ಸವರಿಯಮ್ಮ ಬಾವಿ ಹತ್ತಿರ ಬರಬಾರದು, ತೊಟ್ಟಿ ಒಣಗಲಿ, ಕೋಯಿಲು ಬೀದಿಯ ಉಳಿದವರು ಎಂದಿನಂತೆ ನೀರು ಒಯ್ಯಲಿ, ಆಮೇಲೆ ನೋಡೋಣ ಎಂದು ಎದ್ದರು. 'ಆಮೇಲೆ ನೋಡೋಣ' ಎಂಬ ಆ ಮಾತಿಗೇ ಸವರಿಯಮ್ಮ ಜೋತುಬಿದ್ದಳು. ತಾನೊಬ್ಬಳು ದೂರ ಇದ್ದರೆ ನೀರು ಒಂದಾಗಿಯೇ ಉಳಿಯುತ್ತದಲ್ಲ, ಅಷ್ಟು ಸಾಕು ಎಂದುಕೊಂಡಳು.

ಅದೇ ವಾರ, ಎಲ್ಲರೂ ಹೊಲಕ್ಕೆ ಹೋಗಿದ್ದ ಮಧ್ಯಾಹ್ನ, ದೊಡ್ಡಬಸಮ್ಮ ಅವಳ ಮನೆಗೆ ಬಂದಳು. ಜಗಳಕ್ಕೆ ಬಂದಿದ್ದರೆ ಸವರಿಯಮ್ಮನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಬಂದವಳೇ ಕಾಲು ಹಿಡಿದುಕೊಂಡಳು.

"ನನ್ ಅಸ ಬಿದ್ಬುಟ್ಟದೆ ಸವರಮ್ಮ. ಕರ ಇನ್ನೂ ಆಲು ಬುಟ್ಟಿಲ್ಲ. ನೀನೇ ಆಕಿದ್ದು, ನೀನೇ ತಗಿ."

"ಅಕ್ಕ! ನಾನು ಆಕಿದ್ದಾ? ನೀನೂ ಅಂಗಂತೀಯಾ?"

"ಯಾರ್ ಮ್ಯಾಲೋ ಕ್ವಾಪಕ್ಕೆ ಆಕಿರ್ತೀಯೆ, ನಾ ಕೇಳಾಕಿಲ್ಲ. ನನ್ ಮ್ಯಾಲೆ ನಿಂಗೇನ್ ಕ್ವಾಪ ಏಳು? ನನ್ ಅಸಿಂದೊಂದ ತಗದ್ಬುಡವ್ವ."

ಇಪ್ಪತ್ತು ವರ್ಷದ ಗೆಳತಿ. ಅವಳಿಗೆ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಪೂರ್ತಿ ನಂಬಿಕೆ ಇತ್ತು. ಇಲ್ಲವೆಂದು ಸವರಿಯಮ್ಮ ಎಷ್ಟು ಆಣೆ ಇಟ್ಟರೂ ದೊಡ್ಡಬಸಮ್ಮ ಕಾಲು ಬಿಡಲಿಲ್ಲ. ಕೊನೆಗೆ ಸವರಿಯಮ್ಮನೇ ಎದ್ದು ಹಿತ್ತಲ ದಾರಿಯಿಂದ ಹೋಗಿ, ಕೊಟ್ಟಿಗೆಯಲ್ಲಿ ಆ ಹಸುವಿನ ಪಕ್ಕ ಕೂತು, ಕತ್ತು ಸವರುತ್ತ ತನಗೆ ಬರುವ ಒಂದೇ ಜಪವನ್ನು ಹೇಳಿದಳು.

"ತಗದೆ ಅಂತ ಬಾಯ್ಬುಟ್ಟು ಏಳು" ಎಂದಳು ದೊಡ್ಡಬಸಮ್ಮ.

ಹಸು ಕಣ್ಣು ತೇಲಿಸುತ್ತಿತ್ತು. ಕರು ಕಟ್ಟಿದಲ್ಲೇ ಒರಲುತ್ತಿತ್ತು. ಈ ಹೆಂಗಸಿಗೆ ಒಂದು ರಾತ್ರಿಯಾದರೂ ನೆಮ್ಮದಿ ಸಿಗಲಿ ಎಂದು ಸವರಿಯಮ್ಮ ಅಂದುಬಿಟ್ಟಳು: "ತಗದೆ ಕಣಕ್ಕ."

ಹಸು ಸತ್ತಿದ್ದರೆ ಒಳ್ಳೆಯದಿತ್ತು. ಇದನ್ನು ಹೇಳಲು ಬಾಯಿ ಬರುವುದಿಲ್ಲ, ಆದರೂ ನಿಜ. ಡಾಕ್ಟರು ಹಾಕಿದ್ದ ಸೂಜಿ ಹಿಡಿಯಿತೋ, ಅದರ ಆಯುಸ್ಸೇ ಗಟ್ಟಿಯಿತ್ತೋ, ಎರಡು ದಿನದಲ್ಲಿ ಹಸು ಎದ್ದು ನಿಂತು ಕರುವನ್ನು ನೆಕ್ಕಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ದೊಡ್ಡಬಸಮ್ಮ ಖುಷಿಗೆ ಬೀದಿಯುದ್ದಕ್ಕೂ ಹೇಳಿಕೊಂಡು ಬಂದಳು, "ನಮ್ ಸವರಮ್ಮ ತಗದ್ಲು ಕಣ್ರವ್ವ! ತಗದೆ ಅಂತ ಅವ್ಳೇ ಬಾಯ್ಬುಟ್ಟು ಏಳುದ್ಲು!"

ತೆಗೆದಳು ಎಂದರೆ ಹಾಕಿದ್ದಳು ಎಂದೇ ಅರ್ಥ. ಇನ್ನು ಸದಾಶಿವಪ್ಪನಾದರೂ ಏನು ಮಾಡಿಯಾರು? ಅಂದೇ ಸಂಜೆ ಚಿಕ್ಕಮಾದಪ್ಪ ಮತ್ತು ಇನ್ನಷ್ಟು ಜನ ಸುತ್ತಿಗೆ ತಂದು ತೊಟ್ಟಿ ಒಡೆದರು. ಕೋಯಿಲು ಬೀದಿಗೆ ಇಡಿಯಾಗಿ ಬಾವಿ ಬಂದ್ ಆಯಿತು. ಕಂಬಿಬೇಲಿ ಹಾಕಿದರು. ಅರ್ಜಿ ಗಿರ್ಜಿ ಎಂದು ಓಡಾಡಿ ಕೋಯಿಲು ಬೀದಿಗೊಂದು ಕೈಪಂಪು ಬರುವ ತನಕ ಹೆಂಗಸರು ಮೈಲಿಗಟ್ಟಲೆ ನಡೆದು ಹಳ್ಳದ ಒರತೆಯಿಂದ ನೀರು ಹೊತ್ತರು. ಹೊರುವಾಗ ಒಬ್ಬೊಬ್ಬರೂ ಸವರಿಯಮ್ಮನ ಮನೆಯ ಮುಂದೆ ನಿಂತು ಶಪಿಸಿ ಮುಂದೆ ಹೋದರು. ಮುಂದಿನ ಭಾನುವಾರ ಬಂದ ಫಾದರ್ ಹೊಸಬರು, ಬೇರೆ ಜಿಲ್ಲೆಯವರು. ಮಾಟ ತೆಗೆದೆನೆಂದು ಹೇಳುವುದು ದೊಡ್ಡ ಪಾಪ, ಅದರಿಂದ ಎಲ್ಲರ ಹೆಸರೂ ಕೆಟ್ಟಿತು ಎಂದು ಎಲ್ಲರೆದುರೇ ಗದರಿದರು. ಅವಳು ತಲೆ ತಗ್ಗಿಸಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಯಾವ ಎರಡು ನೀರು ಬೇರೆಯಾಗಬಾರದೆಂದು ಅಷ್ಟು ವರ್ಷ ಸೇದಿದಳೋ, ಅವು ಅವಳ ಒಂದೇ ಮಾತಿನಿಂದ ಬೇರೆಯಾದವು. ಇದಕ್ಕಿಂತ ಅನ್ಯಾಯ ಬೇರೆ ಬೇಕೆ?

ಕೂಲಿಗೆ ಕರೆಯುವವರು ನಿಂತುಹೋದರು. ಅವಳು ಕಾಡಿನಂಚಿನಲ್ಲಿ ಹುಣಸೆಹಣ್ಣು, ಸೀಗೆಕಾಯಿ ಆಯ್ದು ಮಾರಿ ಹೊಟ್ಟೆ ಹೊರೆದಳು. ಕೈಪಂಪಿನಿಂದ ಒಂದು ಕುಡಿಕೆ ನೀರನ್ನು ಮನೆಯ ಹಿಂದೆ ಹಕ್ಕಿಗಳಿಗೆ ಇಡುವುದನ್ನು ಮಾತ್ರ ಬಿಡಲಿಲ್ಲ. ತುಟಿಯಲ್ಲಿ ಜಪ ಆಡುತ್ತಲೇ ಇತ್ತು. ಈಗ ಅದರಲ್ಲಿ ಚಿಕ್ಕಮಾದಪ್ಪನ ಹೆಸರೂ ಸೇರಿತ್ತು.

ಎರಡು ಸಾವಿರದ ಎರಡರಲ್ಲಿ, ಮಳೆ ಕೈಕೊಟ್ಟ ವರ್ಷ, ಅವಳ ಗುಡಿಸಲ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು. ಇಳಿದವನು ಮದ್ದೂರು ಕಡೆಯ ನಾಗರಾಜು. ಒಳ್ಳೆಯ ಪಂಚೆ, ಕೈಯಲ್ಲಿ ಹಣ್ಣು ಹಂಪಲಿನ ತಟ್ಟೆ. ಅಣ್ಣನಿಗೂ ತನಗೂ ಜಮೀನಿನ ವ್ಯಾಜ್ಯವೆಂದೂ, ಅಣ್ಣ ತನ್ನ ಗಡಿಗೆ ಒತ್ತಿಕೊಂಡೇ ಬೋರು ಕೊರೆಸಿ ತನ್ನ ನೀರು ಎಳೆಯುತ್ತಿದ್ದಾನೆಂದೂ ಹೇಳಿ ಅವಳ ಮುಂದೆ ಕೈ ಮುಗಿದ.

"ಅವನ ಬೋರು ಬತ್ತೋಗ್ಬೇಕು ಅಮ್ಮ. ಅಷ್ಟು ಮಾಡ್ಕೊಡಿ."

ಸವರಿಯಮ್ಮ ದಂಗಾದಳು. "ನನ್ಗೆ ಅಂಥದ್ದೆಲ್ಲ ಬರಾಕಿಲ್ಲಪ್ಪ. ಯಾರ್ ಏಳುದ್ರು ನಿಂಗೆ?"

"ಊರ ಬಾಗಿಲಲ್ಲಿ ದೊಡ್ಡಬಸಮ್ಮ ಅನ್ನೋರು ಮನೆ ತೋರ್ಸುದ್ರು. ಅವ್ರ ಹಸ ಉಳ್ಸಿದ್ರಂತಲ್ಲ ನೀವು. ಹಾಕೋದೂ ನೀವೇ, ತೆಗ್ಯೋದೂ ನೀವೇ ಅಂದ್ರು."

ದೊಡ್ಡಬಸಮ್ಮ ಕೆಡುಕಿಗೆ ಕಳಿಸಿದವಳಲ್ಲ. ಪಾಪ ಸವರಮ್ಮನನ್ನು ಯಾರೂ ಕೂಲಿಗೆ ಕರೆಯುತ್ತಿಲ್ಲ, ನಾಲ್ಕು ಜನ ಹೀಗೆ ಬಂದುಹೋದರೆ ಅವಳ ಒಲೆ ಉರಿಯುತ್ತದೆ ಎಂದು ಮರುಗಿ ಕಳಿಸಿದ್ದಳು. ಅಷ್ಟು ಮಾಡುವ ಮನಸ್ಸು ಊರಿನಲ್ಲಿ ಇನ್ನಾರಿಗಿತ್ತು?

"ತಟ್ಟೆ ತಕಂಡು ಓಗಪ್ಪ. ಅಣ್ಣ ತಮ್ಮ ನೀರ್‌ಗೆ ಕಿತ್ತಾಡಬಾರ್ದು" ಎಂದಳು. ಕಾಣಿಕೆ ಸಾಲದೆಂದು ಅವಳು ಹೀಗೆನ್ನುತ್ತಿದ್ದಾಳೆ ಎಂದುಕೊಂಡು ಅವನು ತಟ್ಟೆಗೆ ಮತ್ತಷ್ಟು ಹಣ್ಣು ಇಟ್ಟ. ಬೈದರೂ ಏಳಲಿಲ್ಲ. ಅವನ ಮುಖದಲ್ಲಿದ್ದ ದ್ವೇಷ ಕಂಡು ಅವಳಿಗೆ ಕಡೆಗೆ ಕನಿಕರವಾಯಿತು. ಈ ಅಣ್ಣ ತಮ್ಮಂದಿರಿಗೆ ಸಮಾಧಾನ ಕೊಡು, ಇಬ್ಬರ ಹೊಲಕ್ಕೂ ನೀರು ಕೊಡು ಎಂದು ಕಣ್ಣು ಮುಚ್ಚಿ ಬೇಡಿಕೊಂಡಳು. ತಮಿಳಿನಲ್ಲಿ, ತನ್ನ ಹಳೆಯ ರೀತಿಯಲ್ಲಿ. ಕಣ್ಣು ಬಿಟ್ಟಾಗ ನಾಗರಾಜು ಅವಳ ಕಾಲಿಗೆ ಬಿದ್ದು, ಕೆಲಸವಾಯಿತೆಂಬ ತೃಪ್ತಿಯಲ್ಲಿ ಕಾರಿನ ಕಡೆ ಹೋಗುತ್ತಿದ್ದ. ತಟ್ಟೆ ಅಲ್ಲೇ ಇತ್ತು. ಅದನ್ನು ಅವಳು ಮುಟ್ಟಲಿಲ್ಲ, ಮೇಕೆಗಳು ತಿಂದವು.

ಮುಂದಿನ ಬೇಸಿಗೆಯಲ್ಲಿ ಯಾರ ಬೋರು ತಾನೇ ಬತ್ತಲಿಲ್ಲ? ಕೊಳ್ಳೇಗಾಲದಿಂದ ಮದ್ದೂರಿನವರೆಗೆ ನೆಲ ಬಾಯಿಬಿಟ್ಟಿತ್ತು. ನಾಗರಾಜು ಒಂದು ರೇಷ್ಮೆ ಸೀರೆ ಹಿಡಿದುಕೊಂಡು ಮತ್ತೆ ಬಂದ.

"ನೀವು ಹೇಳಿದ್ದು ನಡೀತು ಅಮ್ಮ! ನಂದೂ ಬತ್ತೋಯ್ತು ಅನ್ನಿ. ಪರವಾಗಿಲ್ಲ, ಅವಂದು ಮೊದ್ಲು ಬತ್ತೋಯ್ತು."

ಸವರಿಯಮ್ಮ ಅವನ ಮುಖವನ್ನೇ ನೋಡಿದಳು. "ಅಂಗಾರೆ ಈಗ ನೀರ್‌ಗೆ ಏನ್ ಮಾಡ್ತೀರಪ್ಪ?"

"ಟ್ಯಾಂಕರ್ ಬರ್ತದೆ. ಇಬ್ರೂ ಅಲ್ಲೇ ಕೊಡ ಇಡ್ಕೊಂಡು ನಿಲ್ತೀವಿ. ಮಾತಿಲ್ಲ."

ಅವನು ಹೋದಮೇಲೆ ಅವಳು ಹೊಸಿಲ ಮೇಲೆ ಕೂತಳು. ಇಬ್ಬರಿಗೂ ನೀರು ಕೊಡು ಎಂದು ಕೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಇಬ್ಬರ ನೀರೂ ಹೋಯಿತು. ಹಿಂದೆ ದನಗಳನ್ನು ಕಾಪಾಡು ಎಂದಿದ್ದಳು, ದನ ಸತ್ತವು. ಬೀದಿಗಳನ್ನು ಒಂದು ಮಾಡು ಎಂದಿದ್ದಳು, ಬೇಲಿ ಬಂತು. ಊರು ಐದು ವರ್ಷದಿಂದ ಹೇಳುತ್ತಿದ್ದುದನ್ನು ಅವಳು ಅಂದು ಮೊದಲ ಸಲ ತಾನೇ ಕೂಡಿಸಿ ನೋಡಿದಳು. ಅಂದಿನಿಂದ ಅವಳ ತುಟಿ ಅಲ್ಲಾಡಿದ್ದನ್ನು ಯಾರೂ ಕಾಣಲಿಲ್ಲ. ಇಗರ್ಜಿಗೆ ಹೋದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತು ಬರುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಅವಳು ಚಾಪೆ ಹಿಡಿದಳು. ಮಗಳಿಗೆ ಹೇಳಿಕಳಿಸಿದ್ದರು, ಇನ್ನೂ ಬಂದಿರಲಿಲ್ಲ. ಯಾರಿಗೂ ಕಾಣದಂತೆ ಹಿತ್ತಲಿನಿಂದ ಗಂಜಿ ತಂದವಳು ದೊಡ್ಡಬಸಮ್ಮ. ಉಸಿರು ಎಳೆಯುತ್ತಿದ್ದ ಗೆಳತಿಯ ಎದೆ ನೀವುತ್ತ ಕೂತಳು.

"ಸವರಮ್ಮ, ಒಂದ್ಸಲ ನಿನ್ ದೇವ್ರ ನೆನಿ. ಸಂಕ್ಟ ಕಮ್ಮಿ ಆಯ್ತದೆ."

ಸವರಿಯಮ್ಮ ತಲೆಯಾಡಿಸಿದಳು. "ಬ್ಯಾಡ ಕಣಕ್ಕ. ನಾ ನೆನುದ್ರೆ ಯಾರ್ದಾರ ಬಾವಿ ಬತ್ತೋಯ್ತದೆ."

ಹಂಗೇನೂ ಇಲ್ಲ ಬಿಡೇ ಎಂಬ ಒಂದು ಮಾತು ಆಗ ಸಾಕಾಗಿತ್ತು. ಅದಕ್ಕಾಗಿಯೇ ಅವಳು ಕಣ್ಣು ಬಿಟ್ಟು ಗೆಳತಿಯ ಮುಖ ನೋಡಿದಳು. ದೊಡ್ಡಬಸಮ್ಮ ಬಾಗಿಲಾಚೆ ಬಾವಿಯ ಕಡೆಗೊಮ್ಮೆ ನೋಡಿ, ಸವರಿಯಮ್ಮನ ಕೈಯನ್ನು ಮೆಲ್ಲಗೆ ಅದುಮಿದಳು.

"ಊಂ ಕಣವ್ವ," ಎಂದಳು, "ಅಂಗಾರೆ ಬ್ಯಾಡ ಬುಡು."